ಬೆಂಗಳೂರಲ್ಲಿ ಅಪ್ಪಯ್ಯನ ಹುಟ್ಟುಹಬ್ಬ: ಮೊದಲು ವಾಪಸ್ ಟಿಕೆಟ್, ಆಮೇಲೆ ಹೋಟೆಲ್

ಶಿವಮೊಗ್ಗದಲ್ಲಿ ಹುಟ್ಟುಹಬ್ಬದ ಊಟಕ್ಕೆ ಹೋಟೆಲ್ ಗೊತ್ತು ಮಾಡುವುದು ಒಂದು ಫೋನ್‌ ಕರೆಯ ಕೆಲಸ. ಗೋಪಾಳದವರಾಗಲಿ, ವಿನೋಬನಗರದವರಾಗಲಿ, ಕಾಲು ಗಂಟೆಯಲ್ಲಿ ದುರ್ಗಿಗುಡಿಗೆ ಬಂದು ಇಳಿದಿರುತ್ತಾರೆ. ಯಾರಾದರೂ ತಡ ಮಾಡಿದರೆ ಅದಕ್ಕೆ ಕಾರಣ ಸೀರೆ ಆರಿಸುವುದೇ ಹೊರತು ಟ್ರಾಫಿಕ್ ಅಲ್ಲ. ಅದೇ ಹನ್ನೆರಡು ಜನ ಬೆಂಗಳೂರಲ್ಲಿ ಸೇರಬೇಕು ಅಂದಾಗ ಲೆಕ್ಕವೇ ಬೇರೆ. ಮಗ ವೈಟ್‌ಫೀಲ್ಡ್‌ನಲ್ಲಿ, ಮಗಳು ಬನಶಂಕರಿಯಲ್ಲಿ, ಅಪ್ಪಯ್ಯ ಅಮ್ಮ ಶಿವಮೊಗ್ಗದಿಂದ, ದೊಡ್ಡಪ್ಪನವರು ಸಾಗರದಿಂದ. ಹೋಟೆಲ್ ಚೆನ್ನಾಗಿದ್ದೂ ಹುಟ್ಟುಹಬ್ಬ ಕೆಡುವುದು ಇಲ್ಲೇ.

ಸಾಮಾನ್ಯವಾಗಿ ನಡೆಯುವುದು ಹೀಗೆ: ಬೆಂಗಳೂರಲ್ಲಿರುವ ಮಕ್ಕಳು ಫೋಟೊ ನೋಡಿ ಹೋಟೆಲ್ ಆರಿಸುತ್ತಾರೆ, ರಾತ್ರಿ ಎಂಟಕ್ಕೆ ಟೇಬಲ್ ಬುಕ್ ಮಾಡುತ್ತಾರೆ, ಆಮೇಲೆ ಊರಿಂದ ಬರುವವರು ಹೇಗೆ ಬರುತ್ತಾರೆ, ಯಾವಾಗ ಹೋಗುತ್ತಾರೆ ಅಂತ ಯೋಚಿಸುತ್ತಾರೆ. ಇದನ್ನು ತಿರುಗಿಸಬೇಕು. ವಾಪಸ್ ಹೋಗುವ ಟಿಕೆಟ್‌ ಮೇಲಿನ ಹೊತ್ತು ಹಿಡಿದು ಹಿಂದಕ್ಕೆ ಎಣಿಸುತ್ತಾ ಬನ್ನಿ. ಯಾವ ಬಡಾವಣೆ, ಮಧ್ಯಾಹ್ನವೋ ರಾತ್ರಿಯೋ, ಎಂಥ ಹೋಟೆಲ್ ಅನ್ನುವುದು ಒಂದೊಂದಾಗಿ ತಾನೇ ಗೊತ್ತಾಗುತ್ತದೆ.

ಬೆಳಗಿನ ಜನಶತಾಬ್ದಿಯಲ್ಲಿ ಬಂದು ಸಂಜೆಯ ಜನಶತಾಬ್ದಿಗೇ ಮರಳುವವರಿದ್ದರೆ ರಾತ್ರಿ ಊಟದ ಮಾತೇ ಇಲ್ಲ. ರೈಲು ಹೊರಡುವ ಹೊತ್ತಿಗಿಂತ ಮುಕ್ಕಾಲು ಗಂಟೆ ಮೊದಲು ಸ್ಟೇಷನ್‌ನಲ್ಲಿರಬೇಕು. ಹೋಟೆಲಿಂದ ಸ್ಟೇಷನ್ನಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಹನ್ನೆರಡು ಜನ ಕುರ್ಚಿಯಿಂದ ಎದ್ದು, ಕೈ ತೊಳೆದು, ಬಾಗಿಲಲ್ಲಿ ನಿಂತು ಮತ್ತೊಂದು ಫೋಟೊ ತೆಗೆದು, ಮರೆತ ಕನ್ನಡಕಕ್ಕೆ ಒಬ್ಬರು ಒಳಗೆ ಹೋಗಿ ಬರಲು ಅರ್ಧ ಗಂಟೆ. ಅಂದರೆ ರೈಲಿಗಿಂತ ಎರಡು ಗಂಟೆ ಮುಂಚೆ ಊಟ ಮುಗಿದಿರಬೇಕು. ಕೇಕು, ಊಟ, ಹರಟೆ ಸೇರಿ ಎರಡು ಗಂಟೆ ಬೇಕೇ ಬೇಕು. ಹಾಗಾಗಿ ಮಧ್ಯಾಹ್ನ ಒಂದರೊಳಗೆ ಎಲೆಯ ಮುಂದೆ, ಅಲ್ಲ, ಪ್ಲೇಟಿನ ಮುಂದೆ ಕೂತಿರಬೇಕು. ಸಾಗರದ ಕಡೆಯವರು ರಾತ್ರಿಯ ತಾಳಗುಪ್ಪ ರೈಲಿಗೆ ಹೋಗುವುದಾದರೆ ಸಂಜೆಯೆಲ್ಲ ಕೈಯಲ್ಲಿರುತ್ತದೆ. ಆಗಲೂ ಮಧ್ಯಾಹ್ನದ ಊಟವೇ ವಾಸಿ. ಎಪ್ಪತ್ತು ದಾಟಿದವರು ರಾತ್ರಿ ಒಂಬತ್ತಕ್ಕೆ ಪನೀರ್ ತಿಂದು ಹನ್ನೊಂದಕ್ಕೆ ಬರ್ತ್ ಹತ್ತಿದರೆ ಅವರ ನಿದ್ದೆಯೂ ಹೋಯಿತು, ಎದುರು ಬರ್ತಿನವರ ನಿದ್ದೆಯೂ ಹೋಯಿತು.

ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆಯಲ್ಲ ಅನ್ನಬಹುದು. ಆಕಾಶದಲ್ಲಿ ಒಂದು ಗಂಟೆ, ಸರಿ. ಆದರೆ ಇಳಿಯುವುದು ದೇವನಹಳ್ಳಿಯಲ್ಲಿ. ಅಲ್ಲಿಂದ ಊರೊಳಕ್ಕೆ ಇನ್ನೊಂದು ಗಂಟೆಯ ಮೇಲೆ. ವಿಮಾನದಲ್ಲಿ ಬರುವವರಿದ್ದರೆ ಹೆಬ್ಬಾಳದ ಆಸುಪಾಸಿನ ಹೋಟೆಲ್ ನೋಡಿ, ಜಯನಗರಕ್ಕೆ ಎಳೆಯಬೇಡಿ.

ಇನ್ನು ಬಡಾವಣೆ. ಶಿವಮೊಗ್ಗದ ರೈಲು, ಬಸ್ಸು, ಕಾರು ಎಲ್ಲವೂ ಬೆಂಗಳೂರಿಗೆ ತುಮಕೂರಿನ ಕಡೆಯಿಂದಲೇ ಒಳಗೆ ಬರುತ್ತವೆ. ಯಶವಂತಪುರ, ಮಲ್ಲೇಶ್ವರ, ರಾಜಾಜಿನಗರ ನಮಗೆ ಹೆಬ್ಬಾಗಿಲಿದ್ದ ಹಾಗೆ. ಯಶವಂತಪುರದಲ್ಲಿ ರೈಲು ಇಳಿದರೆ ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೊ. ಅದೇ ಮಾರ್ಗದಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದ ಹತ್ತಿರ ಒರಾಯನ್ ಮಾಲ್, ಸಂಪಿಗೆ ರಸ್ತೆ ನಿಲ್ದಾಣಕ್ಕೆ ಅಂಟಿಕೊಂಡೇ ಮಂತ್ರಿ ಸ್ಕ್ವೇರ್. ಮಾಲ್ ಅಂದರೆ ಮೂಗು ಮುರಿಯುವವರಿದ್ದಾರೆ, ಆದರೆ ಮಂಡಿನೋವಿನವರಿಗೆ ಮಾಲ್‌ನಂಥ ಜಾಗ ಇಲ್ಲ: ಲಿಫ್ಟ್ ಇರುತ್ತದೆ, ಕಮೋಡ್ ಇರುವ ಶುಚಿಯಾದ ಶೌಚಾಲಯ ಇರುತ್ತದೆ, ಮೊದಲೇ ಬಂದವರು ಕೂತು ಕಾಯಲು ಬೆಂಚಿರುತ್ತದೆ. ಮಗನ ಮನೆ ವೈಟ್‌ಫೀಲ್ಡ್‌ನಲ್ಲಿದೆ ಅಂತ ಅಲ್ಲೇ ಹೋಟೆಲ್ ಹಿಡಿದರೆ, ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದಲ್ಲೇ ಸುಮಾರು ಒಂದು ಗಂಟೆ. ರಸ್ತೆಯಲ್ಲಾದರೆ ಆ ದಿನದ ಅದೃಷ್ಟ. ವೈಟ್‌ಫೀಲ್ಡ್‌ನ ಇಬ್ಬರು ಮಲ್ಲೇಶ್ವರಕ್ಕೆ ಬರಲಿ, ಊರಿನ ಎಂಟು ಜನ ವೈಟ್‌ಫೀಲ್ಡ್‌ಗೆ ಹೋಗುವುದು ಬೇಡ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ಹನ್ನೆರಡರಲ್ಲಿ ಹತ್ತು ಜನ ಮಲೆನಾಡಿನವರೇ ಆಗಿದ್ದರೆ ಆ ಇಬ್ಬರೇ ಶಿವಮೊಗ್ಗಕ್ಕೆ ಬರಬಹುದು. ಈ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ತಾರೀಖು ಗಟ್ಟಿ ಮಾಡುವ ಮೊದಲು ಪಂಚಾಂಗ ತೆಗೆಯಿರಿ. ನಕ್ಷತ್ರದ ಹುಟ್ಟುಹಬ್ಬ ಹೇಗೂ ಮನೆಯಲ್ಲೇ ಆಗುತ್ತದೆ, ಹೋಟೆಲಿಗೆ ತಾರೀಖಿನದು ಅಥವಾ ಅದರ ಪಕ್ಕದ ಭಾನುವಾರ. ಆ ಭಾನುವಾರ ಏಕಾದಶಿಯೋ ಸಂಕಷ್ಟಿಯೋ ಅಂತ ನೋಡದೆ ಬುಕ್ ಮಾಡಿದರೆ ಬಫೆ ಮುಂದೆ ಅತ್ತೆಯವರು ಒಂದು ಲೋಟ ನೀರು ಹಿಡಿದು ಕೂತಿರುತ್ತಾರೆ. ಸಂಕಷ್ಟಿಯಾದರೆ ಚಂದ್ರೋದಯದವರೆಗೆ ಊಟವಿಲ್ಲ, ಪ್ಲೇಟಿನ ದುಡ್ಡು ಮಾತ್ರ ಕೊಟ್ಟಾಗಿರುತ್ತದೆ. ಮಾಂಸ ತಿನ್ನುವ ಮನೆಗಳಲ್ಲೂ ಸೋಮವಾರ, ಶನಿವಾರ ಬಿಡುವವರು ಬಹಳ. ಶ್ರಾವಣದಲ್ಲಿ ಪೂರ್ತಿ ತಿಂಗಳು ಬಿಡುವವರೂ ಇದ್ದಾರೆ. ಬೆಂಗಳೂರಲ್ಲೇ ಬೆಳೆದ ಸೊಸೆಗೋ ಅಳಿಯನಿಗೋ ಇದು ತಟ್ಟನೆ ಹೊಳೆಯುವುದಿಲ್ಲ, ತಪ್ಪು ಅವರದ್ದಲ್ಲ, ಮೊದಲೇ ಹೇಳಬೇಕಾದವರು ನೀವು.

ಹೆಸರು ಮಾಡಿದ ಹಳೆಯ ಹೋಟೆಲ್‌ಗಳ ವಿಷಯಕ್ಕೆ ಬರೋಣ. ಊರಿಂದ ಬಂದವರನ್ನು ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೋ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೋ ಕರೆದುಕೊಂಡು ಹೋಗಬೇಕೆಂಬ ಆಸೆ ಸಹಜ. ಎಂ.ಟಿ.ಆರ್. 1924ರದ್ದು, ವಿದ್ಯಾರ್ಥಿ ಭವನ 1943ರದ್ದು. ಆ ಗೋಡೆ, ಆ ಬೆಂಚು, ತೋಳಿನುದ್ದಕ್ಕೆ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಆ ಸಪ್ಲೈಯರ್, ಎಲ್ಲವೂ ನೋಡುವಂಥದ್ದೇ. ಆದರೆ ಹುಟ್ಟುಹಬ್ಬದ ಜಾಗ ಅದಲ್ಲ. ಜನ ಕಾಯುತ್ತಾ ನಿಂತಿರುವಾಗ ಹನ್ನೆರಡು ಜನ ಒಟ್ಟಿಗೆ ಕೂರುವುದು ಕಷ್ಟ, ಕೂತರೂ ಕೇಕು ಕತ್ತರಿಸಿ ಒಂದು ತಾಸು ಹರಟೆ ಹೊಡೆಯಲು ಬೆನ್ನ ಹಿಂದೆ ನಿಂತವರ ಕಣ್ಣು ಬಿಡುವುದಿಲ್ಲ. ಅವಕ್ಕೆ ಬೆಳಗಿನ ತಿಂಡಿಗೆ ಹೋಗಿ, ನಾಲ್ಕು ನಾಲ್ಕು ಜನರ ಗುಂಪಾಗಿ. ವಾರದ ರಜೆ ಮರೆಯಬೇಡಿ: ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸೋಮವಾರ. ಇಲ್ಲೂ ಒಂದು ಗುಂಡಿ ಇದೆ. ಹತ್ತೂವರೆಗೆ ಬೆಣ್ಣೆ ಸವರಿದ ಮಸಾಲೆ ದೋಸೆ ತಿಂದವರಿಗೆ ಹನ್ನೆರಡೂವರೆಗೆ ಹಸಿವಾಗುವುದಿಲ್ಲ. ತಲೆಗೆ ₹900ರ ಬಫೆಯಲ್ಲಿ ಒಂದು ಸೌಟು ಮೊಸರನ್ನ ಹಾಕಿಕೊಂಡು ಏಳುತ್ತಾರೆ. ಸಂಜೆ ರೈಲಿನವರಾದರೆ ತಿಂಡಿಯನ್ನು ರೈಲಲ್ಲೇ ಮುಗಿಸಿ, ಡಬ್ಬಿಯ ಇಡ್ಲಿ ಚಟ್ನಿಪುಡಿ ಸಾಕು.

ಬಫೆಯೋ, ಮೆನು ನೋಡಿ ಆರ್ಡರೋ? ವಯಸ್ಸು, ರುಚಿ ಬೆರೆತ ಗುಂಪಿಗೆ ಬಫೆ ಸುಲಭ ಅನ್ನಿಸುತ್ತದೆ, ಅರ್ಧ ನಿಜ. ಪ್ಲೇಟ್ ಹಿಡಿದು ಸಾಲಿನಲ್ಲಿ ನಿಲ್ಲಲು ಆಗದ ಅಜ್ಜಿಗೆ ಬಫೆ ಅಂದರೆ ಮೊಮ್ಮಗಳು ತಂದು ಹಾಕಿದ್ದಷ್ಟೇ. ಟೇಬಲ್ಲಿನ ಮಧ್ಯೆಯೇ ಕೆಂಡದ ಒಲೆ ಇಟ್ಟು ಸ್ಟಾರ್ಟರ್ ತರುತ್ತಲೇ ಇರುವ ಜಾಗಗಳಲ್ಲಿ, ಸಾಕು ಅಂತ ಸೂಚಿಸಲು ಟೇಬಲ್ ಮೇಲೆ ಒಂದು ಪುಟ್ಟ ಬಾವುಟ ಇರುತ್ತದೆ, ಅದನ್ನು ಇಳಿಸುವ ತನಕ ಸ್ಟಾರ್ಟರ್ ಚುಚ್ಚಿದ ಕಡ್ಡಿಗಳು ಬರುವುದು ನಿಲ್ಲುವುದಿಲ್ಲ. ಹಿರಿಯರು ಅದನ್ನೇ ಊಟ ಅಂದುಕೊಂಡು ತಿನ್ನುತ್ತಾರೆ, ಅನ್ನ ಬರುವ ಹೊತ್ತಿಗೆ ಹೊಟ್ಟೆ ತುಂಬಿ ಎದೆಯುರಿ ಶುರುವಾಗಿರುತ್ತದೆ. ಸಸ್ಯಾಹಾರಿಗಳಿದ್ದರೆ ಅವರನ್ನೆಲ್ಲ ಒಂದೇ ಒಲೆಯ ಸುತ್ತ ಕೂರಿಸಿ, ಆ ಒಲೆಗೆ ಕೋಳಿಯ ಕಡ್ಡಿ ಇಡಬೇಡಿ ಅಂತ ಕೂತ ತಕ್ಷಣ ಹೇಳಿ. ಎರಡು ಮೂರು ವರ್ಷದ ಮಗು ಇದ್ದರೆ ಒಲೆಯ ಅಂಚಿಗೆ ಕೂರಿಸಲೇಬೇಡಿ, ಅಂಚಿನ ಲೋಹವೂ ಸುಡುತ್ತದೆ.

ಮೆನು ನೋಡಿ ಆರ್ಡರ್ ಕೊಡುವುದಾದರೆ ಮುಖ್ಯ ಗುಟ್ಟು ಒಂದೇ: ಅಲ್ಲಿ ಕೂತು ಆರಿಸಬೇಡಿ. ಹನ್ನೆರಡು ಜನ ಹನ್ನೆರಡು ಬಗೆ ಹೇಳಿದರೆ ಅಡುಗೆಮನೆಯಲ್ಲಿ ಒಂದೊಂದು ಒಂದೊಂದು ಹೊತ್ತಿಗೆ ಆಗುತ್ತದೆ. ಒಬ್ಬರ ರೊಟ್ಟಿ ತಣ್ಣಗಾಗುವಾಗ ಇನ್ನೊಬ್ಬರ ಸೂಪ್ ಬರುತ್ತದೆ. ಮೆನು ಮೊದಲೇ ಫೋನಿಗೆ ತರಿಸಿಕೊಂಡು, ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಿ, ಹಿಂದಿನ ದಿನ ಆರ್ಡರ್ ಕೊಟ್ಟುಬಿಡಿ. ಉತ್ತರ ಭಾರತದ ಊಟಕ್ಕೆ ಹನ್ನೆರಡು ಜನರ ಅಂದಾಜು: ಸ್ಟಾರ್ಟರ್ ನಾಲ್ಕು ಪ್ಲೇಟ್, ಗ್ರೇವಿ ನಾಲ್ಕು (ಒಂದು ಬಟ್ಟಲು ಮೂರು ಜನಕ್ಕೆ), ರೊಟ್ಟಿ ನಾನ್ ಸೇರಿ ಇಪ್ಪತ್ತು, ಪಲಾವೋ ಬಿರಿಯಾನಿಯೋ ಮೂರು, ಮೊಸರನ್ನ ಎರಡು. ರೊಟ್ಟಿಯನ್ನು ಒಮ್ಮೆಗೇ ತರಿಸಬೇಡಿ, ಹತ್ತು ಮೊದಲು, ಹತ್ತು ಆಮೇಲೆ. ತಂದೂರಿ ರೊಟ್ಟಿ ಹತ್ತು ನಿಮಿಷ ಕಳೆದರೆ ಚರ್ಮದಂತೆ ಎಳೆಯುತ್ತದೆ, ಹಲ್ಲುಸೆಟ್ಟಿನವರಿಗೆ ಅದು ಶಿಕ್ಷೆ. ಮೊಸರನ್ನ ಮೆನುವಿನಲ್ಲಿ ಇಲ್ಲದಿದ್ದರೂ ಬಿಳಿ ಅನ್ನ, ಮೊಸರು ಬೇರೆ ಬೇರೆ ಕೇಳಿದರೆ ಎಲ್ಲೂ ಇಲ್ಲ ಅನ್ನುವುದಿಲ್ಲ.

ಖಾರದ ಬಗ್ಗೆ ಒಂದು ಮಾತು. ತಂಬುಳಿ, ಅಪ್ಪೆಹುಳಿ, ಕಡುಬು, ಕೋಳಿಸಾರು ತಿಂದ ನಾಲಿಗೆಗೆ ಆಂಧ್ರ ಶೈಲಿಯ ಊಟದ ಖಾರ ಬೇರೆ ಜಾತಿಯದು. ರೆಸಿಡೆನ್ಸಿ ರಸ್ತೆ ಕಡೆಯ ಆಂಧ್ರ ಹೋಟೆಲ್‌ಗಳಲ್ಲಿ ಬಾಳೆ ಎಲೆ, ಪಪ್ಪು (ಅವರ ತೊವ್ವೆ), ತುಪ್ಪ, ಪುಡಿ ನೋಡಿ ಅಪ್ಪಯ್ಯ ಖುಷಿಯಾಗುತ್ತಾರೆ, ಆದರೆ ಪುಡಿಯನ್ನು ನಮ್ಮ ಚಟ್ನಿಪುಡಿಯ ಲೆಕ್ಕದಲ್ಲಿ ಕಲಸಿದರೆ ಮುಗಿಯಿತು. ಪಪ್ಪು ಮತ್ತು ತುಪ್ಪದಿಂದ ಶುರು ಮಾಡಿಸಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಗುಂಪಿನಲ್ಲಿದ್ದರೆ ‘ಜೈನ್ ಊಟ ಸಿಗುತ್ತಾ’ ಅಂತ ಕೇಳಿ, ಬೆಂಗಳೂರಿನ ಹೋಟೆಲ್‌ಗಳಿಗೆ ತಟ್ಟನೆ ಅರ್ಥವಾಗುವ ಮಾತು ಅದು. ಜೈನ್ ಅಂದರೆ ಆಲೂಗಡ್ಡೆ, ಕ್ಯಾರೆಟ್ ಕೂಡ ಹೋಗುತ್ತದೆ, ಅದು ಗೊತ್ತಿರಲಿ.

ಬುಕ್ ಮಾಡುವ ಫೋನಿನಲ್ಲಿ ಕೇಳಬೇಕಾದ್ದು ಊಟದ ಬಗ್ಗೆ ಕಮ್ಮಿ, ಜಾಗದ ಬಗ್ಗೆ ಜಾಸ್ತಿ. ಯಾವ ಮಹಡಿ, ಲಿಫ್ಟ್ ಇದೆಯಾ, ಲಿಫ್ಟ್ ಇಳಿದ ಮೇಲೂ ನಾಲ್ಕು ಮೆಟ್ಟಿಲಿದೆಯಾ? ಶೌಚಾಲಯ ಅದೇ ಮಹಡಿಯಲ್ಲಿದೆಯಾ, ಕಮೋಡ್ ಇದೆಯಾ? ಕೂರುವುದು ಮಾಮೂಲಿ ಕುರ್ಚಿಯೋ ಎತ್ತರದ ಸ್ಟೂಲೋ? ಹನ್ನೆರಡು ಜನಕ್ಕೆ ಟೇಬಲ್ ಹೇಗೆ ಹಾಕುತ್ತೀರಿ? ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ನಾಲ್ಕರ ಮೂರು ಟೇಬಲ್ ಉದ್ದಕ್ಕೆ ಜೋಡಿಸಿದರೆ ಈ ತುದಿಯವರಿಗೆ ಆ ತುದಿಯವರ ಮಾತು ಕೇಳುವುದಿಲ್ಲ, ಹುಟ್ಟುಹಬ್ಬದವರು ತುದಿಯಲ್ಲಿ ಕೂತರೆ ಅರ್ಧ ಜನರ ಜೊತೆ ಮಾತೇ ಆಗಿರುವುದಿಲ್ಲ. ದುಂಡು ಟೇಬಲ್ ಇದ್ದರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಉದ್ದ ಸಾಲಿನ ಮಧ್ಯದ ಕುರ್ಚಿ ಅಪ್ಪಯ್ಯನಿಗೆ, ಎದುರಿನದು ಅಮ್ಮನಿಗೆ, ಕಿವಿ ಮಂದ ಇರುವವರು ಗೋಡೆ ಬದಿಗೆ, ಸ್ಪೀಕರ್‌ನಿಂದ ದೂರ. ಎ.ಸಿ. ಗಾಳಿ ನೇರ ತಲೆಗೆ ಬಡಿಯುವ ಜಾಗ ಯಾವುದು ಅಂತ ಸಪ್ಲೈಯರ್‌ಗೆ ಗೊತ್ತಿರುತ್ತದೆ, ಕೇಳಿ. ಮಲೆನಾಡಿನ ಚಳಿಗೆ ಜಗ್ಗದ ಅಜ್ಜಿಯೂ ಎ.ಸಿ.ಗೆ ಸೆರಗು ಹೊದ್ದುಕೊಳ್ಳುತ್ತಾರೆ.

ಬ್ರೂವರಿ, ಪಬ್‌ಗಳನ್ನು ಈ ಲೆಕ್ಕದಿಂದಲೇ ಬಿಟ್ಟುಬಿಡಿ. ಸಂಜೆಯಾದರೆ ಸದ್ದಿನಲ್ಲಿ ಮಾತು ಕೇಳುವುದಿಲ್ಲ, 21 ತುಂಬದವರನ್ನು ಒಳಗೆ ಬಿಡದ ಜಾಗಗಳೂ ಇವೆ. ಹುಡುಗರು ಅಲ್ಲಿಗೆ ಹೋಗಬೇಕಾದರೆ ಹಿರಿಯರನ್ನು ರೈಲು ಹತ್ತಿಸಿದ ಮೇಲೆ ಹೋಗಲಿ.

ಟೆಂಪೊ ಟ್ರಾವೆಲರ್ (ಟಿ.ಟಿ.) ಮಾಡಿಕೊಂಡು ಶಿವಮೊಗ್ಗದಿಂದ ನೇರ ಬರುವವರು ನೆಲಮಾಳಿಗೆಯ ಪಾರ್ಕಿಂಗ್ ನಂಬಬಾರದು. ಬಾಗಿಲಲ್ಲಿ ಎತ್ತರದ ಬೋರ್ಡ್ ನೇತಾಡುತ್ತಿರುತ್ತದೆ, ಸಾಮಾನ್ಯವಾಗಿ 2.1 ಮೀಟರ್ ಆಸುಪಾಸು. ಟಿ.ಟಿ. ಸುಮಾರು ಎರಡೂವರೆ ಮೀಟರ್ ಎತ್ತರ, ಮೇಲೆ ಎ.ಸಿ. ಡಬ್ಬಿಯೋ ಲಗೇಜ್ ಕ್ಯಾರಿಯರ್ರೋ ಇದ್ದರೆ ಇನ್ನೂ ಹೆಚ್ಚು. ಹಿಂದೆ ಕಾರುಗಳ ಸಾಲು, ಮುಂದೆ ಬೋರ್ಡು, ಮಧ್ಯೆ ಟಿ.ಟಿ. ರಿವರ್ಸ್ ತೆಗೆಯುವುದು: ಹುಟ್ಟುಹಬ್ಬದ ಮೂಡ್ ಕೆಡಲು ಅಷ್ಟು ಸಾಕು. ಜನರನ್ನು ಬಾಗಿಲಲ್ಲಿ ಇಳಿಸಿ, ಗಾಡಿಯನ್ನು ಬಯಲಿನ ಪೇ ಪಾರ್ಕಿಂಗಿಗೆ ಕಳಿಸಿ. ಡ್ರೈವರ್ ಊಟದ ದುಡ್ಡು ಇಳಿಯುವಾಗಲೇ ಅವರ ಕೈಗೆ ಕೊಡಿ, ಊಟದ ನಡುವೆ ಯಾರಿಗೂ ನೆನಪಾಗುವುದಿಲ್ಲ.

ಕೇಕು ಹೊರಗಿಂದ ತರಬಹುದಾ, ಅದಕ್ಕೆ ಬೇರೆ ಚಾರ್ಜ್ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ಬಹಳ ಕಡೆ ಕೇಕು ಒಂದಕ್ಕೆ ಬಿಡುತ್ತಾರೆ, ಬೇರೆ ತಿಂಡಿಗೆ ಬಿಡುವುದಿಲ್ಲ. ಹನ್ನೆರಡು ಜನಕ್ಕೆ ಒಂದು ಕೆ.ಜಿ. ಧಾರಾಳ, ಊಟಕ್ಕೆ ಮುಂಚೆ ಕತ್ತರಿಸುವುದಾದರೆ ಮುಕ್ಕಾಲು ಕೆ.ಜಿ.ಯೂ ಆಗುತ್ತದೆ. ಮೊಟ್ಟೆ ಹಾಕದ್ದು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕ್ರೀಮ್ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಬಂದರೆ ಮೈಬಿಸಿಗೇ ಒಂದು ಬದಿ ಜಾರುತ್ತದೆ. ಕಾರಿನ ಡಿಕ್ಕಿಯೂ ಬಿಸಿಲಿಗೆ ಒಲೆಯಾಗುತ್ತದೆ. ಎ.ಸಿ. ಹಾಕಿ, ಮುಂದಿನ ಸೀಟಿನ ಕಾಲ ಬಳಿ ನೆಲದ ಮೇಲೆ ಸಮತಟ್ಟಾಗಿ ಇಡಿ. ಹೋಟೆಲಿಗೆ ಬಂದ ಕೂಡಲೇ ಫ್ರಿಜ್ಜಿಗೆ ಕೊಡಿ, ಫ್ರೀಜರಿಗಲ್ಲ.

ಮೇಣದಬತ್ತಿ ಊದಿ ಆರಿಸುವುದು ಎಷ್ಟೋ ಹಿರಿಯರಿಗೆ ಇವತ್ತಿಗೂ ಸರಿ ಕಾಣುವುದಿಲ್ಲ. ದೀಪ ಹಚ್ಚುವುದು ಶುಭ, ಆರಿಸುವುದು ಅಲ್ಲ ಅನ್ನುವ ಮನೆ ನಮ್ಮದು. ಅದಕ್ಕೊಂದು ದಾರಿ ಇದೆ: ಅಂಗೈಯಗಲದ ಹಿತ್ತಾಳೆ ತಟ್ಟೆ, ಅರಿಶಿನ ಕುಂಕುಮದ ಭರಣಿ, ಚಿಟಿಕೆ ಅಕ್ಷತೆ, ತುಪ್ಪದಲ್ಲಿ ನೆನೆಸಿದ ಎರಡು ಹೂಬತ್ತಿ, ಬೆಂಕಿಪೊಟ್ಟಣ. ಎಲ್ಲವೂ ಒಂದು ಟಿಫಿನ್ ಡಬ್ಬಿಯಲ್ಲಿ ಹಿಡಿಯುತ್ತದೆ. ಕೇಕಿಗೆ ಬತ್ತಿ ಬೇಡ, ಅಪ್ಪಯ್ಯನಿಗೆ ಆರತಿ ಎತ್ತಿ, ಅಕ್ಷತೆ ಹಾಕಿ, ಆಮೇಲೆ ಚಾಕು ಕೈಗೆ ಕೊಡಿ. ಎರಡು ಹೂಬತ್ತಿಯ ಹೊಗೆಗೆ ಚಾವಣಿಯ ಹೊಗೆ ಅಲಾರಾಂ ಸಾಮಾನ್ಯವಾಗಿ ಕೂಗುವುದಿಲ್ಲ, ಆದರೂ ಮ್ಯಾನೇಜರ್‌ಗೆ ಒಂದು ಮಾತು ಹೇಳಿ. ಕಿಡಿ ಹಾರಿಸುವ ಬತ್ತಿ, ನೊರೆಯ ಸ್ಪ್ರೇ ಎರಡನ್ನೂ ಮನೆಯಲ್ಲೇ ಬಿಡಿ. ಹಾಗೇ, ಸಪ್ಲೈಯರ್‌ಗಳು ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡುವ ಪದ್ಧತಿ ಇರುವ ಕಡೆ, ಬೇಕೋ ಬೇಡವೋ ಮೊದಲೇ ತಿಳಿಸಿ. ಮೊಮ್ಮಕ್ಕಳಿಗೆ ಅದು ಕುಣಿತ, ನಾಲ್ಕು ಜನರೆದುರು ಹಾಡಿಸಿಕೊಳ್ಳುವುದು ಕೆಲವು ಅಪ್ಪಯ್ಯಂದಿರಿಗೆ ಜೀವ ಹೋದ ಹಾಗೆ.

ಎಷ್ಟು ಜನ ಅಂತ ಹೇಳುವಾಗ ಬಫೆಗಾದರೆ ಎರಡು ಕಮ್ಮಿ ಹೇಳಿ, ಹನ್ನೆರಡಕ್ಕೆ ಹತ್ತು. ಗ್ಯಾರಂಟಿ ಕೊಟ್ಟ ಪ್ಲೇಟಿಗೆ ಜನ ಬರಲಿ ಬಿಡಲಿ ದುಡ್ಡು ಕೇಳುತ್ತಾರೆ, ಇಬ್ಬರು ಹೆಚ್ಚಾದರೆ ಕುರ್ಚಿ ಹಾಕುವುದು ಕಷ್ಟವಲ್ಲ. ಮಕ್ಕಳಿಗೆ ಅರ್ಧ ದರ ಎಷ್ಟು ವಯಸ್ಸಿನ ತನಕ, ಅಡ್ವಾನ್ಸ್ ಎಷ್ಟು, ಬುಕಿಂಗ್ ರದ್ದಾದರೆ ಎಷ್ಟು ವಾಪಸ್: ಮಾತಲ್ಲಿ ಆದದ್ದನ್ನೆಲ್ಲ ಒಂದು ವಾಟ್ಸಾಪ್ ಮೆಸೇಜ್ ಮಾಡಿ ಅವರಿಂದ ‘ಓಕೆ’ ಹಾಕಿಸಿಕೊಳ್ಳಿ. ಒಂದೇ ಹೆಸರಿನ ಹೋಟೆಲಿಗೆ ನಾಲ್ಕು ಶಾಖೆ ಇರುತ್ತವೆ. ಮನೆಯವರ ಗ್ರೂಪಿಗೆ ಹೆಸರು ಮಾತ್ರ ಹಾಕಿದರೆ ಬನಶಂಕರಿಯ ಮಗಳು ಜಯನಗರದ ಶಾಖೆಯಲ್ಲಿ, ಉಳಿದವರು ರಾಜಾಜಿನಗರದಲ್ಲಿ. ಲೊಕೇಶನ್ ಜೊತೆಗೆ ಯಾವ ಗೇಟು, ಯಾವ ಮಹಡಿ ಅನ್ನುವುದನ್ನೂ ಕನ್ನಡದಲ್ಲಿ ಟೈಪ್ ಮಾಡಿ. ಆ ದಿನ ಬೆಳಿಗ್ಗೆ ಹತ್ತಕ್ಕೆ ಮತ್ತೊಮ್ಮೆ ಫೋನ್ ಮಾಡಿ. ಹದಿನೈದು ನಿಮಿಷ ತಡವಾದರೆ ಟೇಬಲ್ ಬಿಟ್ಟುಕೊಡುವವರಿದ್ದಾರೆ, ರೈಲು ತಡವಾದ ಸುದ್ದಿ ಮೊದಲೇ ಮುಟ್ಟಿದರೆ ಕಾಯುತ್ತಾರೆ.

ದುಡ್ಡಿನ ಲೆಕ್ಕ ಬಿಡಿಸಿ ಹೇಳಬೇಕು, ಏಕೆಂದರೆ ‘ತಲೆಗೆ ₹900’ ಅನ್ನುವುದು ಅಲ್ಲಿಗೇ ನಿಲ್ಲುವುದಿಲ್ಲ. ಹನ್ನೆರಡು ಪ್ಲೇಟಿಗೆ ₹10,800. ಮಾಮೂಲಿ ರೆಸ್ಟೋರೆಂಟಿನಲ್ಲಿ ಜಿ.ಎಸ್‌.ಟಿ. ಶೇ 5, ಅಂದರೆ ₹540, ಒಟ್ಟು ₹11,340. ಅದೇ ರೆಸ್ಟೋರೆಂಟ್ ದಿನಕ್ಕೆ ₹7,500ಕ್ಕಿಂತ ಹೆಚ್ಚು ಬಾಡಿಗೆಯ ಕೋಣೆಗಳಿರುವ ದೊಡ್ಡ ಹೋಟೆಲಿನೊಳಗಿದ್ದರೆ ತೆರಿಗೆ ಶೇ 18: ₹1,944, ಒಟ್ಟು ₹12,744. ಅದೇ ದರದ ಊಟಕ್ಕೆ ₹1,404 ವ್ಯತ್ಯಾಸ. ಇನ್ನು ಸರ್ವಿಸ್ ಚಾರ್ಜ್. ಮಾಮೂಲಿ ರೆಸ್ಟೋರೆಂಟಿನಲ್ಲೇ ಶೇ 10 ಸೇರಿಸಿದರೆ ₹1,080, ಅದರ ಮೇಲೂ ತೆರಿಗೆ ಬಿದ್ದು ಬಿಲ್ಲು ₹12,474 ಆಗುತ್ತದೆ. ಇದು ತೆರಿಗೆಯಲ್ಲ, ಕೊಡಲೇಬೇಕಾದ್ದೂ ಅಲ್ಲ. ಬಿಲ್ಲಿಗೆ ತಾನಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ತಂದಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂತ ಶಾಂತವಾಗಿ ಹೇಳಿದರೆ ಸಾಮಾನ್ಯವಾಗಿ ತೆಗೆಯುತ್ತಾರೆ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಸರ್ವಿಸ್ ಚಾರ್ಜ್ ತೆಗೆಸಿದ ಮೇಲೆ ಅಜ್ಜಿಗೆ ಬಿಸಿನೀರು ತಂದುಕೊಟ್ಟ ಹುಡುಗನ ಕೈಗೆ ಮುನ್ನೂರೋ ನಾನ್ನೂರೋ ನಗದು ಕೊಡುವುದು ನ್ಯಾಯ.

ಆ್ಯಪ್‌ನ ರಿಯಾಯಿತಿ ನೆಚ್ಚಿಕೊಂಡವರು ಒಂದನ್ನು ಗಮನಿಸಿ: ಬಫೆಗೆ ಅನ್ವಯಿಸುವುದಿಲ್ಲ, ಭಾನುವಾರ ಇಲ್ಲ, ಆ್ಯಪ್‌ನಲ್ಲೇ ಹಣ ಕಟ್ಟಬೇಕು ಎಂಬ ಷರತ್ತುಗಳು ಸಣ್ಣಕ್ಷರದಲ್ಲಿ ಇರುತ್ತವೆ. ಅದನ್ನು ಬಿಲ್ಲು ಬಂದ ಮೇಲೆ ಓದಲು ಕೂತರೆ ಕೌಂಟರ್ ಮುಂದೆ ಕಾಲು ಗಂಟೆ ಹೋಯಿತು. ಐಸ್‌ಕ್ರೀಮ್ ಬರುವಾಗಲೇ ಬಿಲ್ಲು ತರಿಸಿ, ದುಡ್ಡು ಕೊಡುವವರು ಒಬ್ಬರೇ ಇರಲಿ, ಅಣ್ಣ ತಮ್ಮಂದಿರ ‘ನಾನು ಕೊಡ್ತೀನಿ, ನೀನು ಬಿಡು’ ಮನೆಯಲ್ಲೇ ತೀರ್ಮಾನವಾಗಿರಲಿ. ಬಫೆಯಲ್ಲಿ ಉಳಿದದ್ದನ್ನು ಕಟ್ಟಿಕೊಡುವುದಿಲ್ಲ. ರೈಲಿನಲ್ಲಿ ರಾತ್ರಿಗೆ ಬೇಕಾದ ಮೊಸರನ್ನವನ್ನು ಬೇರೆಯಾಗಿಯೇ ಹೇಳಿ ಪಾರ್ಸೆಲ್ ಮಾಡಿಸಿ, ಜೊತೆಗೆ ನಾಲ್ಕು ಚಮಚ, ಒಂದಿಷ್ಟು ಟಿಶ್ಯೂ. ಉಪ್ಪಿನಕಾಯಿ ಕೇಳುವ ಅಗತ್ಯವಿಲ್ಲ, ಅಮ್ಮನ ಚೀಲದಲ್ಲಿ ಮಿಡಿ ಇದ್ದೇ ಇರುತ್ತದೆ.